ಮೂರು ಬೆರಳು ಬಾಯಿಗೆ ಹೋಗುತ್ತವೆಯೇ?

(ಸಂಘದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ನಿಧಿಯ ಲೆಕ್ಕಪತ್ರ ನೋಡಿಕೊಳ್ಳುವ ಸದಸ್ಯರು ಮಾಡಿದ ಭಾಷಣದ ಬರಹರೂಪ)

ನಾನು ವೈದ್ಯನಲ್ಲ. ಬಿ.ಕಾಂ. ಓದಿ ಬ್ಯಾಂಕ್ ಸೇರಿ, ಬೇರೆಯವರ ದುಡ್ಡಿನ ಲೆಕ್ಕ ಬರೆದು ನಿವೃತ್ತನಾದವನು. ಆರೋಗ್ಯದ ಬಗ್ಗೆ ಮಾತನಾಡಲು ಇವನನ್ನು ಯಾಕೆ ನಿಲ್ಲಿಸಿದರು ಎಂದು ನಿಮಗೆ ಅನ್ನಿಸಬಹುದು. ಕಾರಣ ಇಷ್ಟೇ: ನಮ್ಮ ನಿಧಿಗೆ ಬರುವ ಅರ್ಜಿಗಳನ್ನು ಮೊದಲು ಬಿಡಿಸಿ ಓದುವವನು ನಾನು. ಅರ್ಜಿಯ ಜೊತೆ ಲಗತ್ತಿಸಿದ ಡಾಕ್ಟರ ಚೀಟಿಗಳಲ್ಲಿ ಈಚೆಗೆ ಒಂದೇ ಜಾಗದ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಕೆನ್ನೆಯ ಒಳಭಾಗ, ನಾಲಿಗೆಯ ಅಂಚು, ವಸಡು, ದವಡೆ. ಒಟ್ಟಿನಲ್ಲಿ ಬಾಯಿ. ಅರ್ಜಿದಾರರೂ ನನ್ನ ವಯಸ್ಸಿನವರಲ್ಲ. ಮೂವತ್ತೈದು, ನಲವತ್ತು, ಅಂದರೆ ಮನೆ ನಡೆಸುತ್ತಿರುವವರು.

ಇವತ್ತು ನನಗೆ ಕೊಟ್ಟ ವಿಷಯ ‘ಧೂಮಪಾನ ಮತ್ತು ಬಾಯಿಯ ಆರೋಗ್ಯ’. ಅದರ ಬಗ್ಗೆಯೂ ಹೇಳುತ್ತೇನೆ. ಆದರೆ ನಾಗಪುರದಲ್ಲಿ ನಿಂತು ಬರೀ ಸಿಗರೇಟಿನ ಮಾತಾಡಿದರೆ ಲೆಡ್ಜರಿನ ಒಂದು ಪುಟ ಮಾತ್ರ ತಿರುವಿದಂತೆ. ಕೇಂದ್ರ ಸರ್ಕಾರ 2016-17ರಲ್ಲಿ ನಡೆಸಿದ ತಂಬಾಕು ಸಮೀಕ್ಷೆ ನೋಡಿ. ಮಹಾರಾಷ್ಟ್ರದ ವಯಸ್ಕರಲ್ಲಿ ಸೇದುವವರು ಶೇಕಡಾ 3.8. ಹೊಗೆಯಿಲ್ಲದ ತಂಬಾಕು, ಅಂದರೆ ಜಗಿಯುವ, ತಿಕ್ಕುವ, ತುಟಿಯೊಳಗೆ ಇಟ್ಟುಕೊಳ್ಳುವ ತಂಬಾಕು ಬಳಸುವವರು ಶೇಕಡಾ 24.4. ನಮ್ಮ ಕರ್ನಾಟಕದಲ್ಲಿ ಸೇದುವವರು 8.8, ಹೊಗೆಯಿಲ್ಲದ್ದು ಬಳಸುವವರು 16.3. ನಾವು ಬಂದು ನೆಲೆಸಿರುವುದು ಸೇದುವ ಸೀಮೆಗಲ್ಲ, ಜಗಿಯುವ ಸೀಮೆಗೆ. ವಿದರ್ಭದಲ್ಲಿ ಜಗಿಯುವುದು ಎಂದರೆ ಖರ್ರಾ.

ಪರವೂರಿನ ದಾನಿಗಳಿಗಾಗಿ ಒಂದು ಮಾತು ವಿವರಿಸುತ್ತೇನೆ. ಇಲ್ಲಿಯವರು ಪ್ರತಿದಿನ ನೋಡಿದ್ದೇ. ಪಾನ್‌ಠೇಲಾದವನು ಒಂದು ಪ್ಲಾಸ್ಟಿಕ್ ಹಾಳೆಯ ಮೇಲೆ ಚೂರು ಮಾಡಿದ ಅಡಿಕೆ, ತಂಬಾಕು, ಸುಣ್ಣ ಹಾಕಿ ಮಡಚಿ, ಹಲಗೆಯ ಮೇಲೆ ಬಿಗಿಯಾಗಿ ಉಜ್ಜುತ್ತಾನೆ. ‘ಘೋಟನಾ’ ಎನ್ನುತ್ತಾರೆ. ಮೂರೂ ಬೆರೆತು ಬೆಚ್ಚಗಾದ ಮೇಲೆ ಅದೇ ಪನ್ನಿಯಲ್ಲಿ ಗಂಟು ಕಟ್ಟಿ ಕೊಡುತ್ತಾನೆ. ತಿನ್ನುವವರು ಸ್ವಲ್ಪ ಸ್ವಲ್ಪವೇ ಕೆನ್ನೆಗೆ ಒತ್ತಿಕೊಂಡು ಗಂಟೆಗಟ್ಟಲೆ ಇಟ್ಟುಕೊಳ್ಳುತ್ತಾರೆ. ನಾನಿದ್ದ ಶಾಖೆಯ ಮೆಟ್ಟಿಲ ಮೂಲೆಗಳಿಗೆ ವರ್ಷಕ್ಕೊಮ್ಮೆ ಬಣ್ಣ ಬಳಿಸುತ್ತಿದ್ದೆವು. ಒಂದೇ ವಾರದಲ್ಲಿ ಗ್ರಾಹಕರು ಅದರ ಮೇಲೆ ತಮ್ಮ ಬಣ್ಣ ಬಳಿಯುತ್ತಿದ್ದರು. ಇಲ್ಲಿ ಖರ್ರಾ ಕೊಡುವುದು ಚಹಾ ಕೊಟ್ಟಷ್ಟೇ ಸಹಜ. ಮಾತು ಶುರುವಾಗಬೇಕಾದರೆ ಪನ್ನಿ ಬಿಚ್ಚಬೇಕು.

ಈಗ ಒಬ್ಬರ ಕಥೆ. ಹೆಸರು ಹೇಳುವುದಿಲ್ಲ, ಊರನ್ನೂ ಹೇಳುವುದಿಲ್ಲ. ಕರಾವಳಿಯಿಂದ ಹದಿನೆಂಟನೆಯ ವಯಸ್ಸಿನಲ್ಲಿ ಬಂದು ಇಲ್ಲಿಯ ಹೋಟೆಲೊಂದರಲ್ಲಿ ಮೊದಲು ಟೇಬಲ್ ಒರೆಸಿ, ಆಮೇಲೆ ಅಡುಗೆ ಭಟ್ಟರಾದವರು. ಅವರ ಕೈಯ ಸಾಂಬಾರಿಗಾಗಿಯೇ ಬರುವ ಗಿರಾಕಿಗಳಿದ್ದರು. ಒಂದು ವರ್ಷದಿಂದ ಸಾಂಬಾರು ಸಪ್ಪೆಯಾಗುತ್ತಾ ಬಂತು. ಗಿರಾಕಿಗಳು ಗೊಣಗಿದರು. ಖರ್ಚು ಉಳಿಸಲು ಮೆಣಸಿನಕಾಯಿ ಕಡಿಮೆ ಹಾಕುತ್ತಿದ್ದಾರೆ ಎಂದು ಮಾಲೀಕರಿಗೆ ಅನುಮಾನ. ನಿಜ ಸಂಗತಿ ಬೇರೆ. ರುಚಿ ನೋಡಲು ಒಂದು ಚಮಚ ಬಾಯಿಗೆ ಹಾಕಿದರೆ ಕೆಂಡ ಇಟ್ಟಂತೆ ಉರಿ. ತಮ್ಮ ನಾಲಿಗೆ ತಡೆಯುವಷ್ಟು ಖಾರವನ್ನೇ ಅವರು ಊರಿಗೆಲ್ಲ ಬಡಿಸುತ್ತಿದ್ದರು. ಉಷ್ಣ ಇರಬೇಕು ಎಂದು ಮಜ್ಜಿಗೆ ಕುಡಿದರು, ಎಳನೀರು ಕುಡಿದರು, ಔಷಧ ಅಂಗಡಿಯಿಂದ ಬಾಯಿಹುಣ್ಣಿನ ಮುಲಾಮು ತಂದು ಹಚ್ಚಿಕೊಂಡರು. ದಿನಕ್ಕೆ ನಾಲ್ಕು ಖರ್ರಾ ಮಾತ್ರ ನಿಲ್ಲಲಿಲ್ಲ. ಕೊನೆಗೆ ಒಂದು ದಿನ ಅನ್ನದ ತುತ್ತು ಬಾಯೊಳಗೆ ಹೋಗಲಿಲ್ಲ. ಬಾಯಿ ಒಂದು ಬೆರಳಿನಷ್ಟೇ ತೆರೆಯುತ್ತಿತ್ತು. ದಂತವೈದ್ಯರ ಪುಟ್ಟ ಕನ್ನಡಿಯನ್ನು ಅಡ್ಡ ಹಿಡಿದೇ ಒಳಗೆ ತೂರಿಸಬೇಕಾಯಿತು.

ಇದಕ್ಕೆ ವೈದ್ಯರು ಹೇಳುವ ಹೆಸರು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಕೆನ್ನೆಯ ಒಳಚರ್ಮದ ಕೆಳಗೆ ನಾರು ಕಟ್ಟಿಕೊಳ್ಳುವುದು ಎಂದು ಅರ್ಥ. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಪೂರ್ವ ಆಫ್ರಿಕಾದಲ್ಲಿದ್ದ ಐವರು ಭಾರತೀಯ ಮೂಲದ ಹೆಂಗಸರ ಬಾಯಲ್ಲಿ ಇದನ್ನು ಕಂಡು ಬರೆದರು; ಮರುವರ್ಷವೇ ನಮ್ಮ ದೇಶದಲ್ಲಿ ಜೋಶಿ ಎಂಬ ವೈದ್ಯರು ವರದಿ ಮಾಡಿದರು. ಅಡಿಕೆ ಎಲ್ಲಿಗೆ ಹೋಯಿತೋ ಕಾಯಿಲೆಯೂ ಅಲ್ಲಿಗೇ ಹೋಗಿತ್ತು ನೋಡಿ.

ನಡೆಯುವುದು ಹೀಗೆ. ನಮ್ಮ ಕೆನ್ನೆಯ ಒಳಭಾಗ ರಬ್ಬರಿನಂತೆ ಹಿಗ್ಗುವ ಪದರ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಸತ್ವ ಆ ಪದರದ ಕೆಳಗಿನ ಜೀವಕೋಶಗಳನ್ನು ಕೆಣಕಿ ಹೆಚ್ಚು ಹೆಚ್ಚು ನಾರು ಮಾಡಿಸುತ್ತದೆ. ಅಡಿಕೆಯಲ್ಲಿರುವ ತಾಮ್ರದ ಅಂಶ ಆ ನಾರುಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಅದರ ಒಗರು, ಅಂದರೆ ಟ್ಯಾನಿನ್, ಕಟ್ಟಿದ ನಾರು ಕರಗದಂತೆ ನೋಡಿಕೊಳ್ಳುತ್ತದೆ. ಸುಣ್ಣ ಚರ್ಮವನ್ನು ಸುಟ್ಟು ಇದಕ್ಕೆಲ್ಲ ಬಾಗಿಲು ತೆರೆಯುತ್ತದೆ. ತಂಬಾಕಿನ ಕೆಲಸ ಎರಡು: ಅದರ ನಿಕೋಟಿನ್ ಮನುಷ್ಯನನ್ನು ಮತ್ತೆ ಮತ್ತೆ ಠೇಲಾಕ್ಕೆ ಕರೆತರುತ್ತದೆ, ಅದರೊಳಗಿನ ಬೇರೆ ವಿಷಗಳು ಕ್ಯಾನ್ಸರ್ ಬಿತ್ತುತ್ತವೆ. ಮೊದಲು ಖಾರ ತಡೆಯುವುದಿಲ್ಲ. ಆಮೇಲೆ ಕೆನ್ನೆಯ ಒಳಗೆ ಕೆಂಪು ಹೋಗಿ ಅಮೃತಶಿಲೆಯಂತೆ ಬಿಳಿಚಿಕೊಳ್ಳುತ್ತದೆ. ಬೆರಳಿಟ್ಟು ನೋಡಿದರೆ ಮೇಲಿಂದ ಕೆಳಗೆ ಹಗ್ಗ ಎಳೆದಂತೆ ಗೆರೆಗಳು ಸಿಗುತ್ತವೆ. ನಾಲಿಗೆ ಹೊರಗೆ ಚಾಚಲು ಬರುವುದಿಲ್ಲ, ಶಿಳ್ಳೆ ಹಾಕಲು ಬರುವುದಿಲ್ಲ, ಕೆನ್ನೆ ಉಬ್ಬಿಸಿ ದೀಪ ಆರಿಸಲು ಬರುವುದಿಲ್ಲ. ಇಂಥವರಿಗೆ ಹರ್ನಿಯಾದಂಥ ಬೇರೆ ಯಾವುದೋ ಆಪರೇಷನ್ ಬಂದರೂ ಕಷ್ಟ. ಅರಿವಳಿಕೆ ಕೊಡುವವರಿಗೆ ಉಸಿರಿನ ನಳಿಕೆ ಹಾಕಲು ಬಾಯಿಯೇ ಸಾಲದು, ಮೂಗಿನ ದಾರಿ ಹುಡುಕಬೇಕು.

ಖರ್ರಾ ಬಿಟ್ಟರೆ ಕಾಯಿಲೆ ಮುಂದುವರಿಯುವುದು ನಿಲ್ಲಬಹುದು. ಕಟ್ಟಿಕೊಂಡ ನಾರು ಮಾತ್ರ ಬಹುಮಟ್ಟಿಗೆ ತಾನಾಗಿ ಕರಗುವುದಿಲ್ಲ. ಬಾಯಿ ತೆರೆಯುವ ವ್ಯಾಯಾಮ, ಕೆನ್ನೆಗೆ ಇಂಜೆಕ್ಷನ್, ತೀರಾ ಬಿಗಿದಿದ್ದರೆ ಶಸ್ತ್ರಚಿಕಿತ್ಸೆ. ಇದರ ಜೊತೆ ಕ್ಯಾನ್ಸರಿನ ಭಯ ಬೇರೆ. ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ ಇಂಥ ರೋಗಿಗಳನ್ನು 17 ವರ್ಷ ಗಮನಿಸಿದಾಗ ಅವರಲ್ಲಿ ಶೇಕಡಾ 7.6 ಮಂದಿಗೆ ಬಾಯಿಯ ಕ್ಯಾನ್ಸರ್ ಬಂದಿತ್ತು. ಬ್ಯಾಂಕಿನವನಾಗಿ ಹೇಳುತ್ತೇನೆ, ನೂರರಲ್ಲಿ ಏಳೆಂಟು ಸಾಲ ಮುಳುಗುವ ಶಾಖೆಯ ಮ್ಯಾನೇಜರಿಗೆ ನಿದ್ದೆ ಬರುವುದಿಲ್ಲ.

ಈಗ ಒಂದು ಕೆಲಸ ಮಾಡೋಣ. ಎಲ್ಲರೂ ತೋರುಬೆರಳು, ನಡುಬೆರಳು, ಉಂಗುರದ ಬೆರಳು ಮೂರನ್ನೂ ಜೋಡಿಸಿ. ಕೈ ತೊಳೆದಿಲ್ಲದವರು ಬಾಯಿಯ ಮುಂದೆ ಹಿಡಿದು ಅಂದಾಜು ಮಾಡಿದರೆ ಸಾಕು. ಮೇಲಿನ ಮುಂಹಲ್ಲು, ಕೆಳಗಿನ ಮುಂಹಲ್ಲಿನ ನಡುವೆ ಆ ಮೂರು ಬೆರಳು ಒಂದರ ಮೇಲೊಂದು ನಿಲ್ಲಬೇಕು. ನಗಬೇಡಿ, ನಕ್ಕರೆ ಅಳತೆ ತಪ್ಪುತ್ತದೆ. ಅಳೆಯಬೇಕಾದದ್ದು ನಿಮ್ಮ ಬೆರಳಿನಿಂದಲೇ, ಹೆಂಡತಿಯ ಬೆರಳಿನಿಂದಲ್ಲ. ಮೂರು ಹಿಡಿದರೆ ಸಮಾಧಾನ. ಎರಡೇ ಹಿಡಿದರೆ ಈ ವಾರವೇ ದಂತವೈದ್ಯರನ್ನು ನೋಡಿ. ಮೂರು ಹಿಡಿದರೂ ಎರಡು ವಾರದಲ್ಲಿ ಮಾಯದ ಹುಣ್ಣು, ಒರೆಸಿದರೆ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಕುತ್ತಿಗೆಯಲ್ಲಿ ಗಡ್ಡೆ ಇದ್ದರೆ ಹೋಗಲೇಬೇಕು. ನಮ್ಮ ಊರಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಹಿಂಗಣಾ ರಸ್ತೆಯ ಕಡೆಯವರಿಗೆ ಅಲ್ಲೇ ದಂತ ಕಾಲೇಜಿದೆ. ದೂರ ಎನ್ನುವ ನೆಪ ನಾಗಪುರದವರಿಗಿಲ್ಲ.

ಇನ್ನು ಒಂದು ಇರುಸುಮುರುಸಿನ ಮಾತು. ಖರ್ರಾ ವಿದರ್ಭದವರ ಚಟ, ನಮಗೇನು ಎಂದು ಕೈತೊಳೆಯಲು ಆಗುವುದಿಲ್ಲ. ದೇಶದ ಅಡಿಕೆಯಲ್ಲಿ ಬಹುಪಾಲು ಬೆಳೆಯುವುದು ನಮ್ಮ ಕರ್ನಾಟಕವೇ. ಶಿವಮೊಗ್ಗ, ಸಾಗರ, ಶಿರಸಿ, ದಾವಣಗೆರೆ, ಪುತ್ತೂರು. ತಂಬಾಕಿಗೆ ನಿಪ್ಪಾಣಿ ಹೆಸರುವಾಸಿ. ಇಲ್ಲಿಯ ಗೊಂದಿಯಾ, ಭಂಡಾರಾ, ಗಡಚಿರೋಲಿ ಕಾಡಿನ ತೆಂಡು ಎಲೆಯೇ ಬೀಡಿಯ ಮೈ. ಮಂಗಳೂರಿನ ಕಡೆ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಸಾವಿರಾರು. ನನ್ನ ತಾಯಿಯ ತವರು ಶಿರಸಿ ಸೀಮೆ. ನನ್ನ ಕಾಲೇಜಿನ ಫೀಸು ಬಂದದ್ದು ಅಜ್ಜನ ತೋಟದ ಅಡಿಕೆಯಿಂದ. ತಾಂಬೂಲವಿಲ್ಲದೆ ನಮ್ಮಲ್ಲಿ ಮದುವೆ ನಿಶ್ಚಯವಾಗುವುದಿಲ್ಲ, ಅಡಿಕೆಯಿಲ್ಲದೆ ಪೂಜೆಯ ಸಂಕಲ್ಪವಾಗುವುದಿಲ್ಲ. ಹೀಗಿರುವಾಗ ‘ಬರೀ ಅಡಿಕೆಯೂ ಕ್ಯಾನ್ಸರಕಾರಕ’ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2003ರಲ್ಲಿ ತೀರ್ಮಾನಿಸಿದಾಗ ಬೆಳೆಗಾರರಿಗೆ ಸಿಟ್ಟು ಬಂದದ್ದು ನನಗೆ ಅರ್ಥವಾಗುತ್ತದೆ. ತಂಬಾಕು ಸೇರಿದ ವೀಳ್ಯದ ಬಗ್ಗೆ ಅದೇ ಸಂಸ್ಥೆ 1985ರಲ್ಲೇ ಹೇಳಿತ್ತು. ಆಗ ಯಾರೂ ಅಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ತೋಟದವರ ಹೊಟ್ಟೆಪಾಡಿನ ಪ್ರಶ್ನೆ ದೊಡ್ಡದು, ಈ ಸಭೆಯಲ್ಲಿ ಬಗೆಹರಿಯುವಂಥದ್ದಲ್ಲ. ದೇವರ ಮುಂದೆ ಅಡಿಕೆ ಇಡಿ, ಬೀಗರ ಕೈಗೆ ತಾಂಬೂಲ ಕೊಡಿ, ನನ್ನ ತಕರಾರಿಲ್ಲ. ಕೆನ್ನೆಯಲ್ಲಿ ಇಟ್ಟುಕೊಂಡು ಕೂರುವ ವಿಷಯದಲ್ಲಿ ಮಾತ್ರ ನನಗೆ ಸಂಶಯ ಉಳಿದಿಲ್ಲ. ಮಕ್ಕಳ ಕೈಗೆ ಸಿಹಿ ಸುಪಾರಿ ಪೊಟ್ಟಣ ಕೊಡುವ ಅಭ್ಯಾಸವನ್ನಂತೂ ನಮ್ಮ ಮನೆಗಳಿಂದ ಇವತ್ತೇ ತೆಗೆಯಬೇಕು. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆಯನ್ನು ನಮ್ಮ ಹಿರಿಯರು ಬೇರೆ ಅರ್ಥದಲ್ಲಿ ಹೇಳಿದರು. ಭಟ್ಟರ ಅರ್ಜಿ ಓದುವಾಗ ನನಗೆ ನೆನಪಾದದ್ದು ಅದೇ.

ಸಿಗರೇಟಿಗೆ ಬರೋಣ. ಸೇದುವವರು ನನಗೆ ಹೇಳುವ ಮಾತು: ‘ಸರ್, ನನ್ನ ವಸಡು ಗಟ್ಟಿಯಾಗಿದೆ, ಒಂದು ಹನಿ ರಕ್ತ ಬರುವುದಿಲ್ಲ.’ ಬರುವುದಿಲ್ಲ, ಯಾಕೆಂದರೆ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ವಸಡಿನ ಕಾಯಿಲೆ ಬಂದರೆ ಹಲ್ಲುಜ್ಜುವಾಗ ರಕ್ತ ಬರುವುದು ದೇಹ ಕೊಡುವ ನೋಟಿಸ್. ಸೇದುವವನ ಬಾಯಲ್ಲಿ ಆ ನೋಟಿಸ್ ಬರುವುದೇ ಇಲ್ಲ, ಒಳಗೆ ಮೂಳೆ ಸವೆಯುತ್ತಲೇ ಇರುತ್ತದೆ. ಮಾರ್ಚ್ ಕೊನೆಯ ವಾರದಲ್ಲಿ ಕೆಟ್ಟ ಸಾಲಗಳನ್ನು ಮುಚ್ಚಿಟ್ಟು ಬ್ಯಾಲೆನ್ಸ್ ಶೀಟ್ ಚಂದ ಕಾಣಿಸುವುದನ್ನು ನಾವು ವಿಂಡೋ ಡ್ರೆಸಿಂಗ್ ಎನ್ನುತ್ತಿದ್ದೆವು. ಇದು ಅದೇ. ಒಂದು ದಿನ ಹಲ್ಲು ಅಲುಗಾಡಿದಾಗ ಆಡಿಟ್ ಆಗುತ್ತದೆ. ಹಲ್ಲು ಕೀಳಿಸಿದರೆ ಗಾಯ ಮಾಯಲು ತಡ, ಕೃತಕ ಹಲ್ಲಿನ ಇಂಪ್ಲಾಂಟ್ ಹಾಕಿಸಿದರೆ ಅದು ಹಿಡಿಯದೆ ಬೀಳುವ ಅಪಾಯ ಹೆಚ್ಚು. ಬೀಡಿ ಸಿಗರೇಟಿಗಿಂತ ಸೌಮ್ಯ ಎಂದು ತಿಳಿದವರು ತಿದ್ದಿಕೊಳ್ಳಿ. ಬಾಯಿಗೆ ಅದು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಕುಡಿತವೂ ಜೊತೆಗಿದ್ದರೆ ಕ್ಯಾನ್ಸರಿನ ಅಪಾಯ ಹಲವು ಪಟ್ಟು.

ವೇಪ್ ಎಂಬ ಇ-ಸಿಗರೇಟು ನಮ್ಮ ತಲೆಮಾರಿಗೆ ತಿಳಿಯದ ವಸ್ತು. ಮೊಮ್ಮಕ್ಕಳ ಬ್ಯಾಗಿನಲ್ಲಿ ಸಿಕ್ಕರೆ ಪೆನ್ ಡ್ರೈವ್ ಎಂದುಕೊಂಡು ವಾಪಸ್ ಇಡುತ್ತೇವೆ. ಹೊಗೆಯಿಲ್ಲ, ವಾಸನೆಯಿಲ್ಲ, ಮಾವಿನ ಪರಿಮಳ. ಒಳಗಿರುವುದು ಸಾಮಾನ್ಯವಾಗಿ ನಿಕೋಟಿನ್, ಪರಿಮಳ, ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಕಾಯಿಸಿ ಎಳೆದುಕೊಂಡಾಗ ಇವು ಬಾಯಿಯನ್ನು ಒಣಗಿಸುತ್ತವೆ. ಜೊಲ್ಲು ಕಡಿಮೆಯಾದರೆ ಹಲ್ಲಿನ ಕಾವಲು ಹೋದಂತೆ, ಹುಳುಕು ಸುಲಭವಾಗಿ ಹಿಡಿಯುತ್ತದೆ. ನಿಕೋಟಿನ್ ವಸಡಿಗೆ ಮಾಡುವ ಮೋಸ ಇಲ್ಲೂ ಅದೇ. ಸಿಗರೇಟಿಗಿಂತ ವಿಷ ಕಡಿಮೆ ಎಂಬ ವಾದವನ್ನು ನಾನೂ ಓದಿದ್ದೇನೆ. ಸೇದಿ ಸೇದಿ ಬಿಡಲಾಗದವನ ವಿಷಯದಲ್ಲಿ ಆ ಚರ್ಚೆ ನಡೆಯಲಿ. ಯಾವುದನ್ನೂ ಸೇದದ ಹದಿನಾರರ ಹುಡುಗನಿಗೆ ಅದು ಅನ್ವಯಿಸುವುದಿಲ್ಲ. ಕಾನೂನೂ ಸ್ಪಷ್ಟವಾಗಿದೆ. 2019ರಿಂದ ದೇಶದಲ್ಲಿ ಇದರ ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲ ನಿಷೇಧ. ಮೊದಲ ಅಪರಾಧಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಹಾಗೆ ನೋಡಿದರೆ ಗುಟ್ಕಾವನ್ನೂ ಮಹಾರಾಷ್ಟ್ರ 2012ರಲ್ಲೇ ನಿಷೇಧಿಸಿತು, ಕರ್ನಾಟಕ 2013ರಲ್ಲಿ. ಆಮೇಲೆ ಇಲ್ಲಿ ಸುಗಂಧಿತ ತಂಬಾಕು, ಸುಗಂಧಿತ ಸುಪಾರಿಯೂ ನಿಷೇಧದ ಪಟ್ಟಿಗೆ ಸೇರಿತು. ಪೊಟ್ಟಣವನ್ನು ಹಿಡಿಯಬಹುದು. ಠೇಲಾದಲ್ಲಿ ಕಣ್ಣೆದುರೇ ಉಜ್ಜಿ ಕೊಡುವ ಖರ್ರಾಕ್ಕೆ ಬ್ರ್ಯಾಂಡಿಲ್ಲ, ಕಾರ್ಖಾನೆಯಿಲ್ಲ, ಬ್ಯಾಚ್ ನಂಬರಿಲ್ಲ. ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಅವರ ತಂಡ ‘ಮುಕ್ತಿಪಥ’ ಎಂಬ ಹೆಸರಿನಲ್ಲಿ ಹಳ್ಳಿ ಹಳ್ಳಿಯಲ್ಲಿ ಜನರನ್ನೇ ಮುಂದೆ ಮಾಡಿ ದಾರು-ತಂಬಾಕಿನ ವಿರುದ್ಧ ಕೆಲಸ ಮಾಡುತ್ತಿದೆ. ಪೊಲೀಸರಿಗಿಂತ ಅಂಥ ದಾರಿಯ ಮೇಲೆ ನನಗೆ ಹೆಚ್ಚು ಭರವಸೆ. ಪೊಲೀಸ್ ಇಲಾಖೆಯನ್ನೇ ನೋಡಿಕೊಂಡಿದ್ದ ರಾಜ್ಯದ ಮಾಜಿ ಗೃಹಮಂತ್ರಿ ಆರ್. ಆರ್. ಪಾಟೀಲರು 2015ರ ಫೆಬ್ರುವರಿಯಲ್ಲಿ ತೀರಿಕೊಂಡದ್ದು ಬಾಯಿಯ ಕ್ಯಾನ್ಸರಿನಿಂದ. ವಯಸ್ಸು 57.

ದುಡ್ಡಿನ ಲೆಕ್ಕ ಹೇಳದೆ ಕೂತರೆ ನಾನು ಬ್ಯಾಂಕಿನವನೇ ಅಲ್ಲ. ಒಂದು ಖರ್ರಾಕ್ಕೆ 30 ರೂಪಾಯಿ ಹಿಡಿಯಿರಿ, ದಿನಕ್ಕೆ ನಾಲ್ಕು. ದಿನಕ್ಕೆ 120, ತಿಂಗಳಿಗೆ 3,600. ಇದೇ ಮೊತ್ತವನ್ನು ಆರೂವರೆ ಪರ್ಸೆಂಟ್ ಬಡ್ಡಿಯ ಮೇಲೆ ತಿಂಗಳು ತಿಂಗಳೂ ಕಟ್ಟಿದರೆ ಹದಿನೈದು ವರ್ಷಕ್ಕೆ ಕಟ್ಟಿದ ಅಸಲು 6,48,000, ಕೈಗೆ ಬರುವುದು ಹತ್ತು ಲಕ್ಷಕ್ಕೂ ಮೇಲೆ. ಭಟ್ಟರು ಸುಮಾರು ಅಷ್ಟೇ ವರ್ಷ ತಿಂದಿದ್ದರು. ಅವರ ಅರ್ಜಿಯಲ್ಲಿ ‘ಉಳಿತಾಯ’ ಎಂಬ ಕಲಮಿನ ಮುಂದೆ ಒಂದು ಅಡ್ಡಗೆರೆ ಇತ್ತು.

ಆಸ್ಪತ್ರೆಯ ಖರ್ಚಿಗೆ ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆ ಇದೆಯಲ್ಲ ಎಂದು ಕೆಲವು ದಾನಿಗಳು ಕೇಳುತ್ತಾರೆ. ಇದೆ, ಅದು ದೊಡ್ಡ ಉಪಕಾರವೇ. ಯೋಜನೆಯ ಆಸ್ಪತ್ರೆಗೆ ದಾಖಲಾದ ಮೇಲೆ ಅದು ಕೈ ಹಿಡಿಯುತ್ತದೆ. ಅದಕ್ಕೂ ಮುಂಚಿನ ಓಡಾಟ, ಮುಂಬಯಿಗೆ ಹೋಗಬೇಕಾಗಿ ಬಂದರೆ ಜೊತೆಗಾರನ ಊಟ-ವಸತಿ, ಆರು ತಿಂಗಳು ನಿಂತುಹೋದ ಸಂಬಳ, ಜಗಿಯಲಾಗದವನಿಗೆ ದಿನಾ ಬೇಕಾಗುವ ಹಾಲು, ಗಂಜಿ, ಪ್ರೋಟೀನ್ ಪುಡಿ, ಇವು ಮನೆಯವರ ತಲೆಯ ಮೇಲೇ. ನಮ್ಮ ನಿಧಿ ಬೇಕಾಗುವುದು ಇಲ್ಲಿ. ಭಟ್ಟರಿಗೆ ಪರೀಕ್ಷೆಯಲ್ಲಿ ಕೆನ್ನೆಯ ಒಂದು ಮಚ್ಚೆ ಕ್ಯಾನ್ಸರ್ ಎಂದೇ ಬಂತು. ಆದರೆ ಚಿಕ್ಕದಿತ್ತು, ಕುತ್ತಿಗೆಗೆ ಇಳಿದಿರಲಿಲ್ಲ. ಆಪರೇಷನ್ ಆಯಿತು. ಈಗ ಇಡ್ಲಿಯನ್ನು ಹಾಲಿನಲ್ಲಿ ಕಿವುಚಿ ತಿನ್ನುತ್ತಾರೆ, ದಿನಕ್ಕೆ ಐದು ಸಲ ಕನ್ನಡಿ ಮುಂದೆ ನಿಂತು ಐಸ್‌ಕ್ರೀಮಿನ ಕಡ್ಡಿಗಳನ್ನು ಹಲ್ಲಿನ ನಡುವೆ ಒಂದೊಂದಾಗಿ ಸೇರಿಸಿ ಬಾಯಿ ಹಿಗ್ಗಿಸುತ್ತಾರೆ. ಮಾಲೀಕರು ಕೆಲಸ ಉಳಿಸಿದ್ದಾರೆ. ರುಚಿ ನೋಡುವುದು ಮಾತ್ರ ಸಹಾಯಕನ ಪಾಲಿಗೆ. ಅವರ ಜೊತೆಗೇ ಅದೇ ತಿಂಗಳು ಬಂದ ಇನ್ನೊಂದು ಅರ್ಜಿಗೆ ನಾವು ಮೂರು ಪಟ್ಟು ಹಣ ಕೊಟ್ಟೆವು. ಅವರು ತಡವಾಗಿ ಬಂದಿದ್ದರು. ಆ ಮನೆಗೆ ಕೊನೆಯ ಕಂತಿನ ಚೆಕ್ಕನ್ನು ನಾನೇ ಒಯ್ದು ಅವರ ಪತ್ನಿಯ ಕೈಗೆ ಕೊಟ್ಟೆ.

ಅದಕ್ಕೇ ಸಮಿತಿಯ ಮುಂದೆ ಒಂದು ಪ್ರಸ್ತಾವ ಇಟ್ಟಿದ್ದೇನೆ. ಈಗ ನಮ್ಮ ನಿಧಿಯ ಹಣ ಹೆಚ್ಚಾಗಿ ಹೋಗುವುದು ಕಾಯಿಲೆಯ ಕೊನೆಯ ಪುಟಕ್ಕೆ. ಅದರಲ್ಲಿ ಒಂದು ಪಾಲನ್ನು ಮೊದಲ ಪುಟಕ್ಕೆ ತೆಗೆದಿಡೋಣ: ಬಾಯಿ ತಪಾಸಣೆ, ಬಯಾಪ್ಸಿ, ಆ ದಿನದ ಕೂಲಿ, ಆಟೋ ಬಾಡಿಗೆ. ಇದು ನನ್ನ ತಲೆಯಿಂದ ಹುಟ್ಟಿದ ಯೋಚನೆಯಲ್ಲ. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ಮನೆಮನೆಗೆ ಹೋಗಿ ಜನರ ಬಾಯಿ ನೋಡಿದರು. ನೋಡಿದವರು ಡಾಕ್ಟರರಲ್ಲ, ತರಬೇತಿ ಪಡೆದ, ವೈದ್ಯಕೀಯ ಓದದ ಪದವೀಧರರು. ಫಲಿತಾಂಶ 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಶೇಕಡಾ 34ರಷ್ಟು ಕಡಿಮೆಯಾಗಿತ್ತು. ಒಂದು ಟಾರ್ಚು, ಎರಡು ಕಣ್ಣು, ಸ್ವಲ್ಪ ತರಬೇತಿ. ಬಿ.ಕಾಂ. ಪದವೀಧರರಿಗೂ ಇದರಲ್ಲಿ ಜಾಗವಿದೆ ಎಂದು ಓದಿ ನನಗೆ ಗುಟ್ಟಾಗಿ ಸಂತೋಷವಾಯಿತು.

ಬಿಡಬೇಕು ಎನ್ನುವವರಿಗೆ ಎರಡು ಮಾತು. ಕೇಂದ್ರ ಸರ್ಕಾರದ ಉಚಿತ ಕ್ವಿಟ್‌ಲೈನ್ ಇದೆ, ನಂಬರು 1800-11-2356. ಕನ್ನಡದಲ್ಲೇ ಮಾತನಾಡಬೇಕು ಎಂದು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ. ಬಿಟ್ಟ ಮೊದಲ ಕೆಲವು ದಿನ ಸಿಡುಕು, ನಿದ್ದೆಗೇಡು, ತಲೆನೋವು ಬರುತ್ತವೆ. ಅದು ನಿಕೋಟಿನ್ ಕೇಳುವ ಬಾಕಿ, ದಿನ ಕಳೆದಂತೆ ಇಳಿಯುತ್ತದೆ. ನಿಕೋಟಿನ್ ಚೂಯಿಂಗ್ ಗಮ್ ಬಗ್ಗೆ ಕೆಲವರು ಕೇಳುತ್ತಾರೆ. ಬಾಯಿಯೇ ತೆರೆಯದವರಿಗೆ ಜಗಿಯುವುದು ಕಷ್ಟ, ಅಂಥವರು ಚರ್ಮಕ್ಕೆ ಅಂಟಿಸುವ ಪಟ್ಟಿಯ ಬಗ್ಗೆ ವೈದ್ಯರನ್ನು ಕೇಳಲಿ. ಮನೆಯವರಿಗೆ ನನ್ನ ವಿನಂತಿ: ಬೈಯಬೇಡಿ. ಬೈದರೆ ಮನೆಯಲ್ಲಿ ತಿನ್ನುವುದು ನಿಲ್ಲುತ್ತದೆ, ಠೇಲಾದಲ್ಲಿ ತಿನ್ನುವುದು ಹೆಚ್ಚುತ್ತದೆ. ಹೋಟೆಲ್ ನಡೆಸುವ ನಮ್ಮ ಸದಸ್ಯರಿಗೂ ಒಂದು ವಿನಂತಿ. ನಿಮ್ಮ ಅಡುಗೆಮನೆಯಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ಖಾರ ಕಡಿಮೆ ಮಾಡಿದರೆ ಸಂಬಳ ಹಿಡಿಯುವ ಮೊದಲು ಅವರ ಬಾಯಿ ನೋಡಿಸಿ.

ಕೊನೆಯದಾಗಿ ದಾನಿಗಳಿಗೆ ಲೆಕ್ಕದವನ ಸೂಚನೆ. ಎರಡು ಸಾವಿರ ರೂಪಾಯಿಗಿಂತ ಹೆಚ್ಚಿನ ದಾನವನ್ನು ನಗದಾಗಿ ಕೊಟ್ಟರೆ ಆದಾಯ ತೆರಿಗೆಯ ವಿನಾಯಿತಿ ಸಿಗುವುದಿಲ್ಲ, ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ ಮಾಡಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆ ವಿನಾಯಿತಿ ಹೇಗೂ ಇಲ್ಲ. ಅವರು ಯಾವ ರೂಪದಲ್ಲಿ ಕೊಟ್ಟರೂ ರಸೀದಿ ಕೊಡುತ್ತೇವೆ. ‘ಬಾಯಿ ತಪಾಸಣೆಗೆ’ ಎಂದು ಬರೆದು ಕೊಟ್ಟರೆ ಆ ಹಣ ಅದಕ್ಕೇ ಹೋಗುತ್ತದೆ, ಪ್ರತ್ಯೇಕ ಖಾತೆ ಬರೆಯುತ್ತೇನೆ. ಇವತ್ತು ಸಭೆ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಇಬ್ಬರು ದಂತವೈದ್ಯರು ಕೂತಿರುತ್ತಾರೆ. ಊಟಕ್ಕೆ ಮುಂಚೆಯೇ ಹೋಗಿ ಬನ್ನಿ, ಊಟವಾದ ಮೇಲೆ ಬಾಯೊಳಗೆ ಪಾಯಸ ಬಿಟ್ಟು ಬೇರೇನೂ ಅವರಿಗೆ ಕಾಣುವುದಿಲ್ಲ. ಹೆಸರು ಬರೆಸುವುದು ಕಡ್ಡಾಯವಲ್ಲ. ಜೇಬಿನಲ್ಲಿ ಪನ್ನಿ ಇದ್ದವರು ಬಾಗಿಲ ಬಳಿಯ ಡಬ್ಬಿಗೆ ಹಾಕಿ ಒಳಗೆ ಹೋಗಬಹುದು. ಯಾರ ಜೇಬಿನಿಂದ ಬಂತು ಎಂದು ಯಾರೂ ಕೇಳುವುದಿಲ್ಲ.